ಅರುವತ್ತನಾಲ್ಕು ಮನೆಗಳ ಸಂಖ್ಯೆಯ ಒಳಗೆ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಹೈಸ್ಕೂಲು ಮಕ್ಕಳು, ಅಧ್ಯಾಪಕರು ಮತ್ತು ಊರವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕರಿಹಲಗೆಯಲ್ಲಿ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಬಿಡಿಸಿ ಹೇಳಿದ್ದೇನೆ.)

ಕೇರಳದ ಅಂಬಲಪ್ಪುಳ ಕೃಷ್ಣ ದೇವಸ್ಥಾನದ ಪಾಲ್ಪಾಯಸದ, ಅಂದರೆ ಹಾಲುಪಾಯಸದ, ಕಥೆ ಇಲ್ಲಿ ಕೂತ ಹೆಚ್ಚಿನವರಿಗೆ ಗೊತ್ತು. ಅಲ್ಲಿನ ಅರಸನಿಗೆ ಚದುರಂಗದ ಹುಚ್ಚು. ಮುನಿಯೊಬ್ಬ ಬಂದು ಆಟಕ್ಕೆ ಕೂತ. ಗೆದ್ದರೆ ಏನು ಬೇಕೆಂದು ಅರಸ ಕೇಳಿದ್ದಕ್ಕೆ, ಮೊದಲ ಮನೆಗೆ ಒಂದು ಕಾಳು ಅಕ್ಕಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ ಸಾಕು ಎಂದ. ಅರಸ ಸೋತ. ಕಣಜ ಬರಿದಾದರೂ ಲೆಕ್ಕ ತುಂಬಲಿಲ್ಲ. ಆಗ ಮುನಿ ಕೃಷ್ಣನಾಗಿ ಕಾಣಿಸಿಕೊಂಡು, ಸಾಲವನ್ನು ದಿನಾಲೂ ಪಾಯಸವಾಗಿ ತೀರಿಸುತ್ತಾ ಬಾ ಎಂದನಂತೆ. ಇದೇ ಕಥೆ ಬೇರೆ ಹೆಸರುಗಳಲ್ಲಿ ಪರ್ಷಿಯಾ, ಅರೇಬಿಯಾದ ಕಡೆಯೂ ಓಡಾಡಿದೆ. ಸುಮಾರು ಸಾವಿರ ವರ್ಷ ಹಿಂದೆ ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿ ಈ ಮೊತ್ತವನ್ನು ಒಂದು ಅಂಕಿಯೂ ತಪ್ಪದೆ ಬರೆದಿಟ್ಟ. ಅದು ಹೀಗಿದೆ:

1,84,46,74,40,73,70,95,51,615

ಓದುವುದಾದರೆ, 1 ಲಕ್ಷ 84 ಸಾವಿರದ 467 ಕೋಟಿ 44 ಲಕ್ಷ 7 ಸಾವಿರದ 370 ಕೋಟಿ 95 ಲಕ್ಷ 51 ಸಾವಿರದ 615. ಕೋಟಿ ಎಂಬ ಮಾತು ಎರಡು ಸಲ ಬರುತ್ತದೆ, ಬೇರೆ ದಾರಿ ಇಲ್ಲ. ಆದರೆ ನಮ್ಮವರಿಗೆ ಒಂದು ಕಾಲದಲ್ಲಿ ದಾರಿ ಇತ್ತು. ಕ್ರಿ.ಶ. 850ರ ಹೊತ್ತಿಗೆ, ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಸ್ಥಾನಗಳಿಗೆ 24 ಹೆಸರುಗಳಿವೆ. ಕೋಟಿ, ದಶಕೋಟಿ, ಶತಕೋಟಿ ಆದ ಮೇಲೆ ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ; ಅಲ್ಲಿಂದ ಇನ್ನೂ ನಾಲ್ಕು ಮೆಟ್ಟಿಲು ಹತ್ತಿ ಮಹಾಕ್ಷೋಭಕ್ಕೆ ನಿಲ್ಲುತ್ತದೆ. ನಮ್ಮ ಸಂಖ್ಯೆಗೆ 20 ಅಂಕಿ. ಮಹಾವೀರನ ಪಟ್ಟಿಯಲ್ಲಿ ಇಪ್ಪತ್ತನೆಯ ಸ್ಥಾನವೇ ಮಹಾಶಂಖ. ಹಾಗಾಗಿ ಇದು ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ ಎಂದು ಶುರುವಾಗುವ ಸಂಖ್ಯೆ. ಮಾನ್ಯಖೇಟದ ಅರಸನ ಕಾಲದ ಗಣಿತಜ್ಞನಿಗೆ ಈ ಮೊತ್ತ ಬಾಯಿಗೆ ಬರದಷ್ಟು ದೊಡ್ಡದಾಗಿರಲಿಲ್ಲ ಎಂಬುದು ನನಗೆ ಬಹಳ ಸಂತೋಷ ಕೊಡುವ ವಿಷಯ.

ಗಾತ್ರದ ಮಾತನ್ನು ಬೇಗ ಮುಗಿಸಿಬಿಡುವ. ನಾವು ಉಣ್ಣುವ ಕುಚ್ಚಿಲಕ್ಕಿಯ ಸಾವಿರ ಕಾಳು ಸುಮಾರು 25 ಗ್ರಾಂ ತೂಗುತ್ತದೆ ಎಂದು ಇಟ್ಟುಕೊಳ್ಳಿ. ಚದುರಂಗದ ಮೊದಲ ಸಾಲಿನ ಎಂಟು ಮನೆಗೆ ಬೇಕಾದದ್ದು 255 ಕಾಳು, ಆರು ಗ್ರಾಂ. ಎರಡು ಸಾಲು ಮುಗಿಯುವಾಗ ಒಂದೂವರೆ ಕಿಲೋದ ಮೇಲೆ ಸ್ವಲ್ಪ. ಮೂರು ಸಾಲಿಗೆ 420 ಕಿಲೋ ಹತ್ತಿರ. ನಮ್ಮ ಹಿರಿಯರ 42 ಸೇರಿನ ಮುಡಿಯನ್ನು ಸುಮಾರು 40 ಕಿಲೋ ಎಂದು ಹಿಡಿದರೆ ಹತ್ತು ಮುಡಿ ಚಿಲ್ಲರೆ. ಇಷ್ಟರವರೆಗೆ ದೊಡ್ಡ ಮನೆತನವೊಂದು ಕೊಡಬಹುದಾದ ಅಕ್ಕಿಯೇ. ನಾಲ್ಕನೆಯ ಸಾಲು ಮುಗಿದಾಗ 107 ಟನ್. ಅರ್ಧ ಹಲಗೆ ಆಯಿತು. ಅರಸ ಇನ್ನೂ ನಗುತ್ತಿರಬಹುದು. ಉಳಿದರ್ಧ ಮುಗಿಯುವಾಗ ಮೊತ್ತ 46 ಸಾವಿರ ಕೋಟಿ ಟನ್ ದಾಟುತ್ತದೆ. ಇಡೀ ಜಗತ್ತು ಇವತ್ತು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸು. ಅಂದರೆ ಇದು ಸುಮಾರು ಒಂಬೈನೂರು ವರ್ಷದ ಬೆಳೆ. ಬ್ರಹ್ಮಾಂಡದ ವಯಸ್ಸು 1,380 ಕೋಟಿ ವರ್ಷ ಎನ್ನುತ್ತಾರಲ್ಲ, ಅದರ ಮೊದಲ ಕ್ಷಣದಿಂದ ಸೆಕೆಂಡಿಗೆ 42 ಕಾಳಿನಂತೆ ಎಣಿಸುತ್ತಾ ಬಂದಿದ್ದರೆ ಈಗಷ್ಟೇ ಮುಗಿಯುತ್ತಿತ್ತು.

ಬೇಸಾಯಗಾರರು ಇಲ್ಲಿ ಒಂದು ಮಾತು ಕೇಳಬೇಕು, ಒಬ್ಬರು ಕೇಳಿದರು ಕೂಡ: ಕಾಳು ಇಮ್ಮಡಿಯಾಗುವುದೇನು ದೊಡ್ಡದು, ಗದ್ದೆಯಲ್ಲಿ ಒಂದು ಬಿತ್ತಿದರೆ ನೂರು ಬರುವುದಿಲ್ಲವೇ? ನಿಜ. ಒಂದಕ್ಕೆ ನೂರು ಎಂದು ಹಿಡಿದು, ಬಂದದ್ದನ್ನೆಲ್ಲ ಮತ್ತೆ ಬಿತ್ತುತ್ತಾ ಹೋದರೆ ಹತ್ತನೆಯ ಬೆಳೆಗೆ ಈ ಮೊತ್ತವನ್ನು ದಾಟುತ್ತೇವೆ. ಐದು ವರ್ಷ, ವರ್ಷಕ್ಕೆ ಏಣೇಲು, ಸುಗ್ಗಿ ಎರಡು ಬೆಳೆ. ಲೆಕ್ಕ ಸರಿ, ಭೂಮಿ ಸಾಲದು. ಆದರೆ ಮೊದಲ ಕೆಲವು ಮೆಟ್ಟಿಲುಗಳು ನಮ್ಮ ಜಿಲ್ಲೆಯಲ್ಲಿ ನಿಜವಾಗಿ ನಡೆದಿವೆ. ಬೆಳ್ಳೂರಿನ ಕಡೆಯ ಕೃಷಿಕ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದದ್ದು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ನಿಮಗೆ ಗೊತ್ತು. ಹಿಡಿ ಬೀಜ ಎರಡು ಮೂರು ಬೆಳೆಯಲ್ಲಿ ಇನ್ನೊಬ್ಬರಿಗೆ ಕೊಡುವಷ್ಟಾಗುವುದು ಈ ಗುಣಾಕಾರದ ಬಲದಿಂದಲೇ.

ಇಲ್ಲಿಗೆ ಗಾತ್ರ ಸಾಕು. ಈ ಸಂಖ್ಯೆಯ ಬಗ್ಗೆ ಮಾತಾಡುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತಾರೆ. ಎಷ್ಟು ದೊಡ್ಡದು ಎಂದು ಬಾಯಿ ತೆರೆದು, ಒಳಗೆ ಏನಿದೆ ಎಂದು ನೋಡದೆ ಎದ್ದು ಹೋಗುತ್ತಾರೆ. ಅದು ನನಗೆ ಬೇಸರ. ನಿಜವಾದ ಸೊಗಸು ಇರುವುದು ಅದರ ಅಪವರ್ತನಗಳಲ್ಲಿ, ಅಂದರೆ ಗುಣಿಸಿದರೆ ಅದೇ ಬರುವ ಚಿಕ್ಕ ಸಂಖ್ಯೆಗಳಲ್ಲಿ. ಅಲ್ಲಿಗೆ ಹೋಗಲು ಮೊದಲು ಪಿಂಗಳನ ಏಣಿಯನ್ನು ಹತ್ತಬೇಕು.

ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದೀರಿ. ಅಕ್ಷರ ಒಂದೋ ಲಘು, ಇಲ್ಲವೇ ಗುರು. ಮೂರು ಅಕ್ಷರಕ್ಕೆ ಎರಡನ್ನು ಮೂರು ಸಲ ಗುಣಿಸಿ ಎಂಟು. ‘ಯಮಾತಾರಾಜಭಾನಸಲಗಂ’ನಲ್ಲಿ ಎಂಟು ಗಣ ಇರುವುದು ಅದಕ್ಕೇ. ಪಾದಕ್ಕೆ 20 ಅಕ್ಷರ ಇದ್ದರೆ 10,48,576 ವಿನ್ಯಾಸ ಸಾಧ್ಯ. ಅಷ್ಟರಲ್ಲಿ ನಮ್ಮ ಖ್ಯಾತ ಕರ್ನಾಟಕ ವೃತ್ತಗಳಾಗಿ ನಿಂತದ್ದು ಎರಡೇ ಎರಡು, ಉತ್ಪಲಮಾಲೆ ಮತ್ತು ಮತ್ತೇಭವಿಕ್ರೀಡಿತ. ಹತ್ತು ಲಕ್ಷದಲ್ಲಿ ಎರಡನ್ನು ಆರಿಸಿದ ಕಿವಿ ಎಂಥದ್ದಿರಬೇಕು!

ಈ ವಿನ್ಯಾಸಗಳು ಎಷ್ಟೆಂದು ಲೆಕ್ಕ ಹಾಕಲು ಛಂದಃಶಾಸ್ತ್ರದ ಪಿಂಗಳ ಒಂದು ಉಪಾಯ ಕೊಟ್ಟ. ಕ್ರಿಸ್ತನಿಗಿಂತ ಕೆಲವು ಶತಮಾನ ಹಿಂದಿನವನು ಎನ್ನುತ್ತಾರೆ. ಎಂಟನೆಯ ಅಧ್ಯಾಯದ ನಾಲ್ಕು ಪುಟ್ಟ ಸೂತ್ರಗಳು: ‘ದ್ವಿರರ್ಧೇ’, ‘ರೂಪೇ ಶೂನ್ಯಂ’, ‘ದ್ವಿಃ ಶೂನ್ಯೇ’, ‘ತಾವದರ್ಧೇ ತದ್ಗುಣಿತಮ್’. ಸಂಖ್ಯೆ ಅರ್ಧವಾಗುವುದಾದರೆ ಅರ್ಧ ಮಾಡಿ ಎರಡು ಎಂದು ಗುರುತು ಹಾಕು. ಆಗದಿದ್ದರೆ ಒಂದು ಕಳೆದು ಸೊನ್ನೆ ಎಂದು ಗುರುತು ಹಾಕು. ಮುಗಿದ ಮೇಲೆ ಒಂದರಿಂದ ಹೊರಟು ಹಿಂದಕ್ಕೆ ಬಾ: ಸೊನ್ನೆ ಇದ್ದಲ್ಲಿ ಇಮ್ಮಡಿ, ಎರಡು ಇದ್ದಲ್ಲಿ ವರ್ಗ.

64ರಲ್ಲಿ ಮಾಡಿ ನೋಡುವ. 64, 32, 16, 8, 4, 2, 1, ಆರು ಸಲ ಅರ್ಧವಾಯಿತು. ಒಂದು ಕಳೆದರೆ ಸೊನ್ನೆ. ಈಗ ಹಿಂದಕ್ಕೆ. ಒಂದನ್ನು ಇಮ್ಮಡಿಸಿದರೆ 2. ಇನ್ನು ಆರು ಸಲ ವರ್ಗ ಮಾಡುವುದು: 4, 16, 256, 65,536, 4,29,49,67,296, ಆಮೇಲೆ ಕೊನೆಯದು 2⁶⁴. ಅರುವತ್ತನಾಲ್ಕು ಸಲ ಇಮ್ಮಡಿ ಮಾಡುವ ಕೆಲಸ ಆರು ಗುಣಾಕಾರದಲ್ಲಿ ಮುಗಿಯಿತು. ಅಲ್‌ಬಿರೂನಿ ಹಿಡಿದದ್ದೂ ವರ್ಗದ ದಾರಿಯನ್ನೇ. ಕಾಳುಗಳ ಒಟ್ಟು ಮೊತ್ತ ಇದಕ್ಕಿಂತ ಒಂದು ಕಡಿಮೆ, 2⁶⁴ − 1. ಏಕೆಂದರೆ 1 + 2 = 3 ಎಂಬುದು 4ಕ್ಕೆ ಒಂದು ಕಡಿಮೆ, 1 + 2 + 4 = 7 ಎಂಬುದು 8ಕ್ಕೆ ಒಂದು ಕಡಿಮೆ; ಎಲ್ಲಿ ನಿಲ್ಲಿಸಿದರೂ ಅಲ್ಲಿವರೆಗಿನ ಮೊತ್ತ ಮುಂದಿನ ಮನೆಗಿಂತ ಒಂದೇ ಒಂದು ಕಾಳಿನಷ್ಟು ಕಡಿಮೆ.

ಈ ಉತ್ತರದಲ್ಲಿ ಒಂದು ಚಿಕ್ಕ ತಮಾಷೆ ಇದೆ. ಎರಡನ್ನು ಎರಡರಿಂದಲೇ ಗುಣಿಸುತ್ತಾ ಹೋಗಿ ಬಂದ ಸಂಖ್ಯೆಯ ಇಪ್ಪತ್ತು ಅಂಕಿಗಳನ್ನು ನೋಡಿ. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳೂ ಇವೆ, ಎರಡು ಮಾತ್ರ ಇಲ್ಲ.

ಈಗ ಒಳಗೆ ಹೋಗುವ. ಚದುರಂಗದ ಹಲಗೆಯನ್ನು ನಡುವೆ ಮಡಚಿ, ನಾಲ್ಕು ಸಾಲು ಈಚೆ, ನಾಲ್ಕು ಸಾಲು ಆಚೆ. ಆಚೆಯ ಮೊದಲ ಮನೆ, ಅಂದರೆ 33ನೆಯದು, ಈಚೆಯ ಮೊದಲ ಮನೆಯ 2³² ಪಾಲು. 34ನೆಯದು ಎರಡನೆಯದರ 2³² ಪಾಲು. ಹೀಗೆ ಪ್ರತಿ ಮನೆಯೂ ತನ್ನ ಜೊತೆಯ ಮನೆಯ ಅಷ್ಟೇ ಪಾಲು. ಹಾಗಾದರೆ ಆಚೆಯ ಅರ್ಧ ಪೂರ್ತಿ ಈಚೆಯ ಅರ್ಧದ 2³² ಪಾಲು. ಎರಡನ್ನೂ ಸೇರಿಸಿದರೆ ಇಡೀ ಹಲಗೆ ಈಚೆಯ ಅರ್ಧದ (2³² + 1) ಪಾಲಾಯಿತು. ಬೀಜಗಣಿತದಲ್ಲಿ ನೀವು ಕಲಿತ ಅ² − 1 = (ಅ − 1)(ಅ + 1) ಎಂಬ ಸೂತ್ರ ಹೇಳುವುದು ಇದನ್ನೇ. ಇಲ್ಲಿ ಅದನ್ನು ಕಣ್ಣಲ್ಲಿ ನೋಡಬಹುದು.

ಮಡಚಿದ ಅರ್ಧವನ್ನು ಮತ್ತೆ ಮಡಚಿ. ನಾಲ್ಕು ಸಾಲು ಎರಡಾಗುತ್ತದೆ, ಎರಡು ಒಂದಾಗುತ್ತದೆ, ಒಂದು ಸಾಲಿನ ಎಂಟು ಮನೆ ನಾಲ್ಕಾಗುತ್ತದೆ, ಎರಡಾಗುತ್ತದೆ, ಕೊನೆಗೆ ಒಂದು ಮನೆ, ಒಂದು ಕಾಳು. ಆರು ಮಡಿಕೆ, ಆರು ಗುಣಕ. ಚಿಕ್ಕದರಿಂದ ಬರೆದರೆ:

2⁶⁴ − 1 = 3 × 5 × 17 × 257 × 65,537 × 4,29,49,67,297

ಪಿಂಗಳನ ಏಣಿಯ ಮೆಟ್ಟಿಲುಗಳನ್ನು ನೆನಪಿಸಿಕೊಳ್ಳಿ: 2, 4, 16, 256, 65,536, 4,29,49,67,296. ಒಂದೊಂದಕ್ಕೂ ಒಂದು ಸೇರಿಸಿದರೆ ಇವೇ ಗುಣಕಗಳು. ಏಣಿ ಹತ್ತಿ ಕಟ್ಟಿದ ಸಂಖ್ಯೆ ಅದೇ ಏಣಿಯ ಮೆಟ್ಟಿಲುಗಳಾಗಿಯೇ ಬಿಡಿಸಿಕೊಳ್ಳುತ್ತದೆ. ಗಣಿತದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಇದೊಂದು. ಪರೀಕ್ಷಿಸಬೇಕಾದರೆ ಸುಲಭದ್ದು ಎರಡು ಇವೆ. ಸಂಖ್ಯೆ 5ರಲ್ಲಿ ಮುಗಿಯುತ್ತದೆ, ಹಾಗಾಗಿ 5ರಿಂದ ಭಾಗ ಹೋಗುತ್ತದೆ. ಅಂಕಿಗಳನ್ನು ಕೂಡಿಸಿದರೆ 87, ಹಾಗಾಗಿ 3ರಿಂದಲೂ ಹೋಗುತ್ತದೆ. 17ರಿಂದ ಭಾಗಿಸುವುದು ಮನೆಯಲ್ಲಿ ಮಾಡಿ.

ಏಣಿಯ ಮೆಟ್ಟಿಲಿಗೆ ಒಂದು ಸೇರಿಸಿದ ಈ ಸಂಖ್ಯೆಗಳಿಗೆ ಫರ್ಮಾ ಸಂಖ್ಯೆಗಳು ಎಂದು ಹೆಸರು. ಫ್ರಾನ್ಸಿನ ವಕೀಲ ಪಿಯರ್ ದ ಫರ್ಮಾ 1640ರಲ್ಲಿ ಇವನ್ನು ಗಮನಿಸಿದ. 3 ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆ. 5, 17, 257 ಅವಿಭಾಜ್ಯ. 65,537 ಕೂಡ ಅವಿಭಾಜ್ಯ. ಇವೆಲ್ಲವೂ, ಎಷ್ಟು ಮುಂದೆ ಹೋದರೂ, ಅವಿಭಾಜ್ಯಗಳೇ ಎಂದು ಅವನು ನಂಬಿದ. ಸಾಧನೆ ಅವನ ಬಳಿ ಇರಲಿಲ್ಲ, ಅದನ್ನು ಅವನೇ ಒಪ್ಪಿಕೊಂಡಿದ್ದ, ಆದರೂ ನಂಬಿಕೆ ಬಲವಾಗಿತ್ತು. ಐದು ಉದಾಹರಣೆ ಸರಿಬಂದಾಗ ಆರನೆಯದೂ ಸರಿ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆರನೆಯದು 429 ಕೋಟಿ ಚಿಲ್ಲರೆ. ಅದನ್ನು ಪರೀಕ್ಷಿಸಲು ಕೈಲೆಕ್ಕದಲ್ಲಿ ಸಾವಿರಾರು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ತೊಂಬತ್ತು ವರ್ಷ ಯಾರೂ ಅದನ್ನು ಮುಟ್ಟಿ ಇತ್ಯರ್ಥ ಮಾಡಲಿಲ್ಲ.

1732ರಲ್ಲಿ ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್, ಆಗ ಅವನಿಗೆ 25 ವಯಸ್ಸು, ಬರೆದ:

4,29,49,67,297 = 641 × 67,00,417

ಸಾವಿರಾರು ಭಾಗಾಕಾರ ಅವನು ಮಾಡಲಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ ಅದು 64ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ ಒಂದು ಸೇರಿಸಿದಂತೆಯೇ ಇರಬೇಕು. ಇದರ ಕಾರಣವನ್ನು ಮುಂದೆ ಅವನೇ ಬಿಡಿಸಿ ತೋರಿಸಿದ. ಅಂಥವನ್ನು ಬರೆಯುತ್ತಾ ಹೋಗಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೆ ಸಿಕ್ಕಿಬಿಡುತ್ತದೆ. ಎಲ್ಲಿ ಹುಡುಕಬೇಕೆಂದು ಗೊತ್ತಾದದ್ದರಿಂದ ಸಾವಿರಾರು ಭಾಗಾಕಾರ ಐದಕ್ಕೆ ಇಳಿಯಿತು.

641 ನಿಜಕ್ಕೂ ಭಾಗಿಸುತ್ತದೆ ಎಂಬುದನ್ನು ಭಾಗಾಕಾರವನ್ನೇ ಮಾಡದೆ ತೋರಿಸಬಹುದು. ಕರಿಹಲಗೆಯಲ್ಲಿ ಬರೆದದ್ದು ಇಷ್ಟೇ, ಆದರೆ ನಿಧಾನವಾಗಿ ಓದಬೇಕು. 641ನ್ನು ಎರಡು ಬಗೆಯಲ್ಲಿ ಬರೆಯಿರಿ. ಒಂದು, 640 + 1, ಅಂದರೆ 5 × 128 + 1, ಅಂದರೆ 5 × 2⁷ + 1. ಇನ್ನೊಂದು, 625 + 16, ಅಂದರೆ 5⁴ + 2⁴. ಈಗ 641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡುವ. ಮೊದಲನೆಯ ಬಗೆ ಹೇಳುತ್ತದೆ: 5 × 2⁷ಕ್ಕೆ 641 ಆಗಲು ಒಂದು ಕಡಿಮೆ, ಆದ್ದರಿಂದ ಶೇಷ −1 ಎನ್ನಬಹುದು. ಅದನ್ನು ನಾಲ್ಕು ಸಲ ಗುಣಿಸಿದರೆ 5⁴ × 2²⁸. ಶೇಷ −1ನ್ನು ನಾಲ್ಕು ಸಲ ಗುಣಿಸಿದ್ದು, ಅಂದರೆ +1. ಎರಡನೆಯ ಬಗೆ ಹೇಳುತ್ತದೆ: 5⁴ ಇದ್ದಲ್ಲಿ −2⁴ ಹಾಕಿದರೂ ಶೇಷ ಬದಲಾಗದು. ಹಾಕಿ ನೋಡಿ. −2⁴ × 2²⁸ ಎಂದರೆ −2³². ಅದರ ಶೇಷ +1. ಹಾಗಾದರೆ 2³²ರ ಶೇಷ −1, 2³² + 1ರ ಶೇಷ ಸೊನ್ನೆ. ಮುಗಿಯಿತು.

ಹತ್ತನೆಯ ತರಗತಿಯ ಮಕ್ಕಳಿಗೆ ಇದರಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ. 640ಕ್ಕೆ ಒಂದು, 625ಕ್ಕೆ ಹದಿನಾರು, ಅಷ್ಟೇ. ಹಾಗಿದ್ದೂ ಫರ್ಮಾನಂಥವನ ಕಣ್ಣಿಗೆ ಅದು ಬೀಳಲಿಲ್ಲ. ನಂಬಿಕೆ ಇಲ್ಲದವರು ಗುಣಿಸಿಯೂ ನೋಡಬಹುದು: 67,00,417ನ್ನು 600ರಿಂದ, 40ರಿಂದ, 1ರಿಂದ ಗುಣಿಸಿ ಕೂಡಿಸಿ. ಮುಂದಿನ ಸಾಲಿನಲ್ಲಿದ್ದ ಇಬ್ಬರು ಹುಡುಗಿಯರು ನಾನು ಮಾತು ಮುಂದುವರಿಸುವಷ್ಟರಲ್ಲಿ ಕೂಡಿಸಿ ಮುಗಿಸಿದ್ದರು.

67,00,417 ಮತ್ತೆ ಒಡೆಯುವುದಿಲ್ಲ, ಅದು ಅವಿಭಾಜ್ಯ. ಹಾಗಾಗಿ ಚದುರಂಗದ ಸಂಖ್ಯೆಯ ಅವಿಭಾಜ್ಯಗಳು ಒಟ್ಟು ಏಳು: 3, 5, 17, 257, 641, 65,537, 67,00,417. ಯಾವುದೂ ಎರಡು ಸಲ ಬರುವುದಿಲ್ಲ. ಆದ್ದರಿಂದ ಇಡೀ ಸಂಖ್ಯೆಯನ್ನು ಭಾಗಿಸುವ ಸಂಖ್ಯೆಗಳು 2⁷, ಅಂದರೆ 128. ಇಪ್ಪತ್ತು ಅಂಕಿಯ ಸಂಖ್ಯೆಯ ಎಲ್ಲ ಭಾಜಕಗಳನ್ನೂ ಬಿಳಿ ಹಾಳೆಯೊಂದರಲ್ಲಿ ಬರೆದು ಮುಗಿಸಬಹುದು.

ಈಗ ಪಿಂಗಳನ ಕಡೆಗೇ ಇನ್ನೊಂದು ದಾರಿಯಲ್ಲಿ ಬರುವ. ಪಿಂಗಳನ ಸೂತ್ರಗಳಿಗೆ 10ನೆಯ ಶತಮಾನದಲ್ಲಿ ಹಲಾಯುಧ ಬರೆದ ವ್ಯಾಖ್ಯಾನದಲ್ಲಿ ಮೇರು ಪ್ರಸ್ತಾರ ಬರುತ್ತದೆ. ತುದಿಯಲ್ಲಿ ಒಂದು. ಅದರ ಕೆಳಗೆ 1, 1. ಅದರ ಕೆಳಗೆ 1, 2, 1. ಆಮೇಲೆ 1, 3, 3, 1. ಪ್ರತಿ ಅಂಕಿಯೂ ಅದರ ಮೇಲಿನ ಎರಡರ ಮೊತ್ತ. ಇಷ್ಟು ಅಕ್ಷರದ ಪಾದದಲ್ಲಿ ಇಷ್ಟು ಗುರು ಇರುವ ವಿನ್ಯಾಸಗಳೆಷ್ಟು ಎಂದು ಅದು ಹೇಳುತ್ತದೆ. ಪಠ್ಯದಲ್ಲಿ ಪಾಸ್ಕಲನ ತ್ರಿಕೋನ ಎಂದಿರುವುದು ಇದೇ.

ಇದರಲ್ಲಿ ಬೆಸ ಸಂಖ್ಯೆ ಇದ್ದಲ್ಲಿ 1, ಸಮ ಸಂಖ್ಯೆ ಇದ್ದಲ್ಲಿ 0 ಎಂದು ಬರೆಯಿರಿ. ಸಾಲುಗಳು ಹೀಗಾಗುತ್ತವೆ: 1, 11, 101, 1111, 10001, 110011, 1010101, 11111111. ಇವನ್ನು ಕಂಪ್ಯೂಟರಿನ ದ್ವಿಮಾನ ಪದ್ಧತಿಯ ಸಂಖ್ಯೆಗಳು ಎಂದು ಓದಿ; ಅದರಲ್ಲಿ ಸ್ಥಾನಗಳ ಬೆಲೆ ಬಲದಿಂದ ಎಡಕ್ಕೆ 1, 2, 4, 8 ಎಂದು ಇಮ್ಮಡಿಯಾಗುತ್ತಾ ಹೋಗುತ್ತದೆ. 1, 3, 5, 15, 17, 51, 85, 255. ಮತ್ತೆ ನೋಡಿ: 15 ಎಂದರೆ 3 × 5. 51 ಎಂದರೆ 3 × 17. 85 ಎಂದರೆ 5 × 17. 255 ಎಂದರೆ 3 × 5 × 17. ಮೇರುವಿನ ಸಾಲುಗಳು ಮಡಿಕೆಯ ಗುಣಕಗಳನ್ನು ಒಂದೊಂದೇ ಬಗೆಯಲ್ಲಿ ಆರಿಸಿ ಗುಣಿಸುತ್ತಾ ಇಳಿಯುತ್ತಿವೆ. ಒಂಬತ್ತನೆಯ ಸಾಲು 257, ಹತ್ತನೆಯದು 3 × 257. ಮೊದಲ 64 ಸಾಲುಗಳಲ್ಲಿ ಆರು ಗುಣಕಗಳ ಎಲ್ಲ 64 ಆಯ್ಕೆಗಳೂ ಒಂದೊಂದು ಸಲ ಬಂದು ಹೋಗುತ್ತವೆ. 64ನೆಯ ಸಾಲಿನಲ್ಲಿ ಎಲ್ಲವೂ ಬೆಸ, ಒಂದರ ಪಕ್ಕ ಒಂದು ಅರುವತ್ತನಾಲ್ಕು ಒಂದುಗಳು. ಆ ಸಾಲೇ ನಮ್ಮ ಸಂಖ್ಯೆ. ಲಘು ಗುರು ಎಣಿಸಲು ಕಟ್ಟಿದ ಮೇರುವಿನಲ್ಲಿ ಅಂಬಲಪ್ಪುಳದ ಅಕ್ಕಿಯ ಲೆಕ್ಕ ಇಡಿಯಾಗಿ ಇದೆ.

ಮಕ್ಕಳು ಮಾಡಿ ನೋಡಬೇಕಾದ ಕೆಲಸ ಇದು. ಚೌಕ ಹಾಳೆಯಲ್ಲಿ ಹದಿನಾರು ಸಾಲು ಸಾಕು. ಬೆಸ ಇದ್ದಲ್ಲಿ ಬಣ್ಣ ತುಂಬಿ, ಸಮ ಇದ್ದಲ್ಲಿ ಖಾಲಿ ಬಿಡಿ. ಸಂಖ್ಯೆ ದೊಡ್ಡದಾಗುತ್ತದೆಂದು ಹೆದರಬೇಡಿ, ಮೇಲಿನ ಎರಡು ಮನೆ ಒಂದೇ ಬಗೆಯಾಗಿದ್ದರೆ ಕೆಳಗೆ ಖಾಲಿ, ಬೇರೆ ಬೇರೆಯಾಗಿದ್ದರೆ ಬಣ್ಣ. ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಮತ್ತೆ ತ್ರಿಕೋನ ತಾನಾಗಿ ಮೂಡಿಬರುತ್ತದೆ.

ಜ್ಯಾಮಿತಿಯಲ್ಲೂ ಈ ಗುಣಕಗಳು ಕಾದಿದ್ದವು. ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿ ಮಾತ್ರ ಹಿಡಿದು ಯಾವ ಸಮಬಹುಭುಜಗಳನ್ನು ರಚಿಸಬಹುದು? ಮೂರು ಭುಜದ್ದು, ಐದು ಭುಜದ್ದು ಗ್ರೀಕರಿಗೆ ಗೊತ್ತಿತ್ತು. 1796ರಲ್ಲಿ ಜರ್ಮನಿಯ ಗಣಿತಜ್ಞ ಗಾಸ್, ಹತ್ತೊಂಬತ್ತು ತುಂಬಲು ಒಂದು ತಿಂಗಳಿರುವಾಗ, ಹದಿನೇಳು ಭುಜದ್ದೂ ಆಗುತ್ತದೆ ಎಂದು ತೋರಿಸಿದ. ಭುಜಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧ ಆಗಿರಲೇಬೇಕು. ಇದರ ಸಾಧನೆಯನ್ನು 1837ರಲ್ಲಿ ಫ್ರಾನ್ಸಿನ ವಾಂಟ್ಸೆಲ್ ಪೂರ್ತಿ ಮಾಡಿದ. ನಮಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ. ಐದನ್ನೂ ಗುಣಿಸಿದರೆ 4,29,49,67,295. ಹಾಗೆ ರಚಿಸಬಹುದೆಂದು ಗೊತ್ತಿರುವ ಅತಿ ದೊಡ್ಡ ಬೆಸ ಬಹುಭುಜಕ್ಕೆ ಇಷ್ಟು ಭುಜ, ಅರ್ಧ ಹಲಗೆಯ ಅಕ್ಕಿಕಾಳು ಎಷ್ಟೋ ಅಷ್ಟು. 65,537 ಭುಜದ್ದನ್ನು ರಚಿಸುವ ಕ್ರಮ ಬರೆಯಲು ಹೆರ್ಮೆಸ್ ಎಂಬ ಜರ್ಮನ್ ಗಣಿತಜ್ಞ ಹತ್ತು ವರ್ಷ ಕಳೆದ. ಆ ಹಸ್ತಪ್ರತಿ ಗಟ್ಟಿಂಗೆನ್‌ನಲ್ಲಿದೆ.

ಇಷ್ಟೆಲ್ಲ ಹಳೆಯ ಮಾತಾಯಿತು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿಗೆ ಬರುವ. ಅದು 64 ಬಿಟ್‌ನ ಯಂತ್ರ. ಬಿಟ್ ಎಂದರೆ ದ್ವಿಮಾನದ ಒಂದು ಅಂಕಿ. ಒಂದೇ ಉಸಿರಿನಲ್ಲಿ ಹಿಡಿಯಬಲ್ಲ ಅತಿ ದೊಡ್ಡ ಪೂರ್ಣ ಸಂಖ್ಯೆ ಅರುವತ್ತನಾಲ್ಕು ಒಂದುಗಳು, ಅದೇ 2⁶⁴ − 1. ಋಣಸಂಖ್ಯೆಗೂ ಜಾಗ ಬೇಕೆಂದರೆ ಅರ್ಧ ಅದಕ್ಕೆ ಹೋಗುತ್ತದೆ. 32 ಬಿಟ್‌ನ ಲೆಕ್ಕದಲ್ಲಿ ಈ ಮಿತಿ 214 ಕೋಟಿ 74 ಲಕ್ಷ ಚಿಲ್ಲರೆ. 2014ರಲ್ಲಿ ಕೊರಿಯಾದ ಹಾಡೊಂದರ ವೀಕ್ಷಣೆ ಈ ಮಿತಿಯನ್ನು ದಾಟಿದ್ದರಿಂದ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಬೇಕಾಯಿತು. ಹಳೆಯ ಅನೇಕ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲೇ ಎಣಿಸುತ್ತಿವೆ. ಬದಲಾಯಿಸದೆ ಬಿಟ್ಟರೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಅವುಗಳ ಎಣಿಕೆ ತುಂಬಿ ಹಿಂದಕ್ಕೆ ಹಾರುತ್ತದೆ.

ಆದರೆ ನನಗೆ ಹೆಚ್ಚು ಹಿಡಿಸುವುದು 65,537ರ ಕೆಲಸ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಬಹಳ ಕಷ್ಟ. ಈ ಕಷ್ಟವನ್ನೇ ಬೀಗವಾಗಿ ಮಾಡಿಕೊಂಡ ವಿಧಾನ ಆರ್‌ಎಸ್‌ಎ, 1977ರದ್ದು. ಅದರಲ್ಲಿ ಸಂದೇಶವನ್ನು ಸಂಖ್ಯೆಯಾಗಿ ಮಾಡಿ, ಎಲ್ಲರಿಗೂ ಗೊತ್ತಿರುವ ಒಂದು ಘಾತಕ್ಕೆ ಏರಿಸುತ್ತಾರೆ. ಆ ಘಾತ ಸಾಮಾನ್ಯವಾಗಿ 65,537. ಏಕೆ ಅದೇ? ದ್ವಿಮಾನದಲ್ಲಿ ಅದಕ್ಕೆ ಎರಡೇ ಒಂದುಗಳು, ಎರಡು ತುದಿಯಲ್ಲಿ. ನಡುವೆ ಹದಿನೈದು ಸೊನ್ನೆ. ಹದಿನಾರು ಸಲ ವರ್ಗ ಮಾಡಿ ಒಂದು ಸಲ ಗುಣಿಸಿದರೆ ಘಾತ ಸಿದ್ಧ. ಪಿಂಗಳ ಹೇಳಿದ ಹಾಗೆಯೇ ವರ್ಗ ಮಾಡುತ್ತಾ ಏರುವುದು. ಬೀಗವಿರುವ ಜಾಲತಾಣ ತೆರೆದಾಗ ನಿಮ್ಮ ಫೋನು ಎಷ್ಟೋ ಸಲ ಮಾಡುವ ಲೆಕ್ಕ ಇದು.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಬಿಡಲಾರೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ಹಲಗೆಯಲ್ಲಿ 128 ಮನೆ ಇದ್ದರೆ? ಸರಿಯಾದ ಪ್ರಶ್ನೆ. ಒಂದು ಮಡಿಕೆ ಹೆಚ್ಚಾಗುತ್ತದೆ, ಅಷ್ಟೇ. ಇರುವ ಏಳು ಅವಿಭಾಜ್ಯಗಳ ಜೊತೆ ಹೊಸ ಗುಣಕ 2⁶⁴ + 1 ಸೇರುತ್ತದೆ. ಅದನ್ನು 1880ರಲ್ಲಿ ಫ್ರಾನ್ಸಿನ ಲಾಂಡ್ರಿ ಎಂಬವರು ಒಡೆದರು. ಚಿಕ್ಕ ಅಪವರ್ತನ 2,74,177, ದೊಡ್ಡದು 6,72,80,42,13,10,721. ಆಗ ಅವರ ವಯಸ್ಸು 82. ಕಂಪ್ಯೂಟರ್ ಇಲ್ಲ, ಕಾಗದ ಮತ್ತು ಲೇಖನಿ.

ಅದಕ್ಕೂ ಮುಂದೆ? ಆಯ್ಲರ್ ಒಡೆದ ಆರನೆಯದರ ನಂತರ ಹೊಸ ಫರ್ಮಾ ಅವಿಭಾಜ್ಯ ಒಂದೂ ಸಿಕ್ಕಿಲ್ಲ. 2ರ ಘಾತ 2³²ರವರೆಗೆ ಬಂದ ಎಲ್ಲ ಫರ್ಮಾ ಸಂಖ್ಯೆಗಳೂ ಒಡೆಯುತ್ತವೆ ಎಂದು ಗೊತ್ತಾಗಿದೆ. ಅದರ ಮುಂದಿನದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳು. ಅದು ಅವಿಭಾಜ್ಯವೋ ಅಲ್ಲವೋ ಎಂದು ಜಗತ್ತಿನಲ್ಲಿ ಯಾರೂ ಇನ್ನೂ ತೀರ್ಮಾನಿಸಿಲ್ಲ. ಒಡೆಯುತ್ತವೆ ಎಂದು ಗೊತ್ತಾದವುಗಳಲ್ಲೂ ಒಂದು ಸೋಜಿಗ ಇದೆ. 2ನ್ನು 10,48,576ನೆಯ ಘಾತಕ್ಕೆ ಏರಿಸಿ ಒಂದು ಸೇರಿಸಿದ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದಕ್ಕೆ 3,15,653 ಅಂಕಿ. 1988ರಲ್ಲಿ ಅದು ಅವಿಭಾಜ್ಯವಲ್ಲ ಎಂದು ಸಾಬೀತಾಯಿತು. ಆದರೆ ಅದರ ಒಂದೇ ಒಂದು ಅಪವರ್ತನವೂ ಇವತ್ತಿನವರೆಗೆ ಸಿಕ್ಕಿಲ್ಲ.

ಅಪವರ್ತನ ಸಿಗದೆ ಒಡೆಯುತ್ತದೆಂದು ಹೇಗೆ ಹೇಳಿದರು ಎಂದು ಅದೇ ಹುಡುಗಿ ಬಿಡದೆ ಕೇಳಿದಳು. 1877ರಲ್ಲಿ ಪೆಪೆಂ ಎಂಬ ಗಣಿತಜ್ಞ ಕೊಟ್ಟ ಪರೀಕ್ಷೆಯಿಂದ. 3ರಿಂದ ಶುರುಮಾಡಿ ವರ್ಗ ಮಾಡುತ್ತಾ ಹೋಗುವುದು, ಪ್ರತಿ ಸಲವೂ ಆ ಫರ್ಮಾ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವುದು. ಘಾತಕ್ಕಿಂತ ಒಂದು ಕಡಿಮೆ ಸಲ ವರ್ಗ ಮಾಡಿದಾಗ ಶೇಷ −1 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 17ರಲ್ಲಿ ಮಾಡಿ ನೋಡಿ, ಅದು 2⁴ + 1, ಮೂರು ಸಲ ವರ್ಗ ಮಾಡಿದರೆ ಸಾಕು: 3ರ ವರ್ಗ 9, 9ರ ವರ್ಗ 81, ಶೇಷ 13, 13ರ ವರ್ಗ 169, ಶೇಷ 16, ಅಂದರೆ −1. ಹಾಗಾಗಿ 17 ಅವಿಭಾಜ್ಯ. ಆ ಮೂರು ಲಕ್ಷ ಅಂಕಿಯ ಸಂಖ್ಯೆಗೂ ಮಾಡಿದ್ದು ಇದೇ ಲೆಕ್ಕ, ಮೂರು ಸಲದ ಬದಲು 10,48,575 ಸಲ.